ಗೋಡೆಗೆ ಮುಖ ಮಾಡಿ ಹಾಲು ಅಳೆಯುವ ಅಬ್ದುಲಸಾಬ

ಹುಲಿಹೈದರದ ಓಣಿಗಳಲ್ಲಿ ಇನ್ನೂ ಬೆಳಕು ಹರಿದಿಲ್ಲ. ಮಾಘದ ಚಳಿಗೆ ನಾಯಿಗಳು ಕೂಡ ಬೂದಿಗುಂಡಿ ಬಿಟ್ಟು ಎದ್ದಿಲ್ಲ. ಶೇಖರಮ್ಮನ ದನದ ಕೊಟ್ಟಿಗೆಯಲ್ಲಿ ಒಂದು ಸಣ್ಣ ಚಿಮಣಿ ಉರಿಯುತ್ತಿದೆ. ಅದರ ಬೆಳಕಿನಲ್ಲಿ ಹೊನ್ನಿ ಎಂಬ ಎಮ್ಮೆ ಹಿಂಡಿ ಮೆಲ್ಲುತ್ತ ನಿಂತಿದೆ, ಶೇಖರಮ್ಮ ಮೊಣಕಾಲ ನಡುವೆ ಚರಿಗೆ ಇಟ್ಟುಕೊಂಡು ಹಾಲು ಹಿಂಡುತ್ತಿದ್ದಾಳೆ. ಅವರಿಂದ ನಾಲ್ಕು ಮಾರು ದೂರದಲ್ಲಿ, ಖಾಕಿ ಅಂಗಿಯ ಮೇಲೆ ಹಿತ್ತಾಳೆಯ ಬಿಲ್ಲೆ ಕಟ್ಟಿಕೊಂಡ ಗಂಡಸೊಬ್ಬ ಕುಕ್ಕುರುಗಾಲಿನಲ್ಲಿ ಕುಳಿತಿದ್ದಾನೆ. ಅವನ ಮುಖ ಎಮ್ಮೆಯ ಕಡೆ ಇಲ್ಲ, ಗೋಡೆಯ ಕಡೆ ಇದೆ. ಸಾಲದ್ದಕ್ಕೆ ತಲೆಯ ರುಮಾಲಿನ ಸೆರಗನ್ನು ಕಣ್ಣಿನ ಮೇಲೆ ಎಳೆದುಕೊಂಡಿದ್ದಾನೆ.

ತಪ್ಪು ಮಾಡಿದವನನ್ನು ಯಾರೋ ಮೂಲೆಗೆ ಕೂಡಿಸಿದ್ದಾರೆ ಎನ್ನಿಸಬೇಕು. ಹಾಗಲ್ಲ. ಆತ ಸರಕಾರದ ಕೆಲಸದ ಮೇಲೆ ಇದ್ದಾನೆ. ಹಾಲು ಅಳೆಯುತ್ತಿದ್ದಾನೆ.

ಚರಿಗೆಯ ಸದ್ದು ನಿಲ್ಲುತ್ತದೆ. ಶೇಖರಮ್ಮ ಸರಕಾರಿ ಹಿತ್ತಾಳೆಯ ಸೇರನ್ನು ಹತ್ತಿರಕ್ಕೆ ಎಳೆದುಕೊಂಡು ತಾನೇ ಹಾಲು ಸುರಿಯುತ್ತಾಳೆ. ಮೊದಲು ದಪ್ಪಗಿದ್ದ ಸದ್ದು ಸೇರು ತುಂಬುತ್ತ ಬಂದಂತೆ ಸಣ್ಣಗಾಗುತ್ತದೆ. ತುಂಬಿದ ಮೇಲೆ ಆಕೆ ಸೇರಿನ ಕಂಠಕ್ಕೆ ಬೆಳ್ಳಿಯ ಬಳೆ ತಾಗಿಸುತ್ತಾಳೆ. ಟಣ್.

"ಲಾಭ," ಎನ್ನುತ್ತಾಳೆ. ಈ ಸೀಮೆಯಲ್ಲಿ ಕಾಳಾಗಲಿ ಹಾಲಾಗಲಿ ಅಳೆಯುವಾಗ ಮೊದಲನೆಯದಕ್ಕೆ ಒಂದು ಎನ್ನುವುದಿಲ್ಲ.

"ಬರಕತ್ತು," ಎನ್ನುತ್ತಾನೆ ಗೋಡೆಯ ಕಡೆಯಿಂದ ಅಬ್ದುಲಸಾಬ. ದೇವರು ಹೆಚ್ಚು ಮಾಡಲಿ ಎಂದು ಅದರ ಅರ್ಥ.

ಮತ್ತೆ ಸುರಿಯುವ ಸದ್ದು, ಮತ್ತೆ ಬಳೆಯ ಸದ್ದು. "ಎರಡು." "ಬರಕತ್ತು." ಉಳಿದ ಹಾಲನ್ನು ಆಕೆ ಅಳೆಯುವುದಿಲ್ಲ, ಅವನೂ ಕೇಳುವುದಿಲ್ಲ. ಹೊತ್ತಿಗೆ ಎರಡು ಸೇರು ಇದ್ದರೆ ಸರಕಾರಕ್ಕೆ ಸಾಕು. ಅದರ ಮೇಲಿನದು ಶೇಖರಮ್ಮನ ಹೊನ್ನಿಗೂ ಅದರ ಕರುವಿಗೂ ಭಗವಂತನಿಗೂ ಸೇರಿದ್ದು. ಚರಿಗೆಯ ಬಾಯಿಗೆ ಬಟ್ಟೆ ಬಿದ್ದು, ಬಟ್ಟೆಯ ಮೇಲೆ ಒಂದು ಇದ್ದಿಲ ಚೂರು ಕುಳಿತ ಮೇಲೆ ಆಕೆ "ಹೂಂ" ಎನ್ನುತ್ತಾಳೆ. ಆಗ ಅಬ್ದುಲಸಾಬ ರುಮಾಲು ಸರಿಮಾಡಿಕೊಂಡು ಏಳುತ್ತಾನೆ.

ಕನಕಗಿರಿಯ ಅಬ್ದುಲಸಾಬನಿಗೆ ಈಗ ಐವತ್ತರ ಆಸುಪಾಸು. ದನದ ದವಾಖಾನೆಯಲ್ಲಿ ಚಪರಾಸಿ. ಹರೆಯದಲ್ಲಿ ಅಲ್ಲಿ ನೀರು ಹೊರಲು ಸೇರಿದವನು, ಔಷಧ ಅರೆಯುವುದನ್ನೂ ಹೋರಿಯ ಮೂಗು ಹಿಡಿಯುವುದನ್ನೂ ಕಲಿತ. ಮಹಾಯುದ್ಧ ಶುರುವಾದ ಮೇಲೆ ಅವನ ಪಾಲಿಗೆ ಇನ್ನೊಂದು ಕೆಲಸ ಬಂದಿದೆ. ಹಿಂಡಿ, ಹತ್ತಿಕಾಳು ಮುಟ್ಟಿದರೆ ಸುಡುವಷ್ಟು ತುಟ್ಟಿಯಾಗಿ, ಕರೆಯುವ ಎಮ್ಮೆ ಆಕಳುಗಳನ್ನೇ ಜನ ಸಂತೆಗೆ ಹೊಡೆಯತೊಡಗಿದಾಗ, ಸರಕಾರ ಹೈನು ಸಾಕಿದವರಿಗೆ ತಿಂಗಳಿಗಿಷ್ಟು ಸಹಾಯಧನ ಕೊಡುವುದೆಂದು ಗೊತ್ತುಮಾಡಿತು. ಕಾಗದದಲ್ಲಿ ಅದಕ್ಕೆ ಉರ್ದುವಿನ ಉದ್ದ ಹೆಸರಿದೆ. ಊರವರು ಅದನ್ನು ಹಿಂಡಿ ರೊಕ್ಕ ಎಂದಷ್ಟೇ ಕರೆಯುತ್ತಾರೆ. ಒಂದು ಎಮ್ಮೆಯ ಬಾಯಿಗೆ ತಿಂಗಳು ಪೂರ್ತಿ ಅಲ್ಲದಿದ್ದರೂ ಮುಕ್ಕಾಲು ತಿಂಗಳು ಹಿಂಡಿ ಬೀಳುವಷ್ಟು ಮೊತ್ತ. ಅದಕ್ಕೆ ಇರುವುದು ಒಂದೇ ಕರಾರು: ಹಾಲು ಹಿಂಡುವುದನ್ನು ಸರಕಾರದ ಮನುಷ್ಯ ತಿಂಗಳಿಗೊಮ್ಮೆ ಕಣ್ಣಾರೆ ಕಾಣಬೇಕು.

ಆ ಕರಾರು ಬರೆದವರು ಈ ಊರುಗಳ ಕೊಟ್ಟಿಗೆಗೆ ಎಂದೂ ಬಂದಿರಲಾರರು. ಇಲ್ಲಿ ಹಾಲು ಹಿಂಡುವುದನ್ನು ಹೊರಗಿನವರು ನೋಡುವಂತಿಲ್ಲ. ಅಳಿಯ ಬಂದರೂ ಆ ಹೊತ್ತಿಗೆ ಕಟ್ಟೆಯ ಮೇಲೆ ಕೂಡುತ್ತಾನೆ. ಹಿಂಡಿದ ಹಾಲು ಓಣಿ ದಾಟಬೇಕಾದರೆ ಬಾಯಿಗೆ ಬಟ್ಟೆ, ಬಟ್ಟೆಯ ಮೇಲೆ ಇದ್ದಿಲು. ನಿಮ್ಮ ಎಮ್ಮೆ ಎಷ್ಟು ಕೊಡುತ್ತದೆ ಎಂದು ಕೇಳಿದರೆ, "ಏನೋ, ಶಿವ ಕೊಟ್ಟಷ್ಟು" ಎಂಬ ಉತ್ತರ ಬರುತ್ತದೆ. ಕಣ್ಣು ಬಿದ್ದರೆ ಕೆಚ್ಚಲು ಕಲ್ಲಾಗುತ್ತದೆ ಎಂಬ ಭಯ. ಭಯ ಎನ್ನುವುದಕ್ಕಿಂತ ಅದೊಂದು ಮರ್ಯಾದೆ ಎನ್ನಬೇಕೇನೋ.

ಹೀಗಾಗಿ ಸರಕಾರದವರು ಮೊದಲ ಸಲ ಹುಲಿಹೈದರಕ್ಕೆ ಬಂದಾಗ ನಡೆದದ್ದು ಇಂದಿಗೂ ನಗುವಿನ ಕತೆ. ಡಾಕ್ಟರರು, ಒಬ್ಬ ಕಾರಕೂನ, ಸೇರು ಹೊತ್ತ ಅಬ್ದುಲಸಾಬ ಓಣಿಗೆ ಕಾಲಿಟ್ಟರೆ ಮನೆಮನೆಯಲ್ಲೂ ಒಂದೇ ಮಾತು.

"ನಮ್ಮದು ಬತ್ತೈತ್ರಿ."

"ನಮ್ಮದೂ ಬತ್ತೈತ್ರಿ ಸಾಹೇಬರ."

"ಎಮ್ಮಿ ಹೋಗ್ಲಿ, ಈ ಊರಾಗ ಭಾವಿನೂ ಬತ್ತ್ಯಾವ್ರಿ," ಎಂದಳಂತೆ ಪಕ್ಕದ ಮನೆಯ ಮುದುಕಿ ಕರಿಯವ್ವ, ಮಜ್ಜಿಗೆ ಕಡೆಯುವ ಕೈ ನಿಲ್ಲಿಸದೆ.

ನಸುಕಿಗೆ ಮುಂಚೆಯೇ ಎಲ್ಲರೂ ಕರುಗಳನ್ನು ಬಿಟ್ಟು ಹಾಲೆಲ್ಲ ಕುಡಿಸಿಬಿಟ್ಟಿದ್ದರು. ಡಾಕ್ಟರರು ಕೆಚ್ಚಲು ಮುಟ್ಟಿ ನೋಡಿದರೆ ಖಾಲಿ. ಹುಲಿಹೈದರದಲ್ಲಿ ಹೈನಿಲ್ಲ ಎಂದು ವರದಿ ಹೋಯಿತು, ಹಿಂಡಿ ರೊಕ್ಕ ಆಸುಪಾಸಿನ ಊರುಗಳಿಗೆ ಹೋಯಿತು.

ಮೂರನೆಯ ದಿನ ಕನಕಗಿರಿಯ ದವಾಖಾನೆಯ ಮುಂದೆ ಕರುಗಳ ಸಂತೆ ನೆರೆಯಿತು. ಎಲ್ಲಾ ಹುಲಿಹೈದರದವು, ಎಲ್ಲಕ್ಕೂ ಹಾಲು ಹೆಚ್ಚಾಗಿ ಹೊಟ್ಟೆ ಕೆಟ್ಟಿತ್ತು.

"ಔಷಧ ಅರಿಲಿಕ್ಕೆ ಕುಂತವ ನಾನಽ ನೋಡ್ರಿ," ಎಂದು ಅಬ್ದುಲಸಾಬ ನಗುತ್ತಾನೆ. "ಶೇಖರಕ್ಕನೂ ಕರು ಹೊಡಕೊಂಡ ಬಂದಿದ್ದಳು. ನಾ ಮೆಲ್ಲಕ ಕೇಳಿದೆ, ಯಕ್ಕಾ, ಬತ್ತಿದ ಎಮ್ಮಿ ಕರುಕ್ಕ ಹಾಲು ಹೆಚ್ಚಾಗಿದ್ದು ಹೆಂಗ? ಆಕಿ ಬಾಯಿಗೆ ಸೆರಗು ಹಚಗೊಂಡು ನಗಾಕ ಹತ್ತಿದಳು. ನಕ್ಕೋತ ನಕ್ಕೋತ ಅತ್ತುಬಿಟ್ಟಳ್ರಿ."

ಅತ್ತದ್ದಕ್ಕೆ ಕಾರಣವಿತ್ತು. ಗಂಡ ತೀರಿಕೊಂಡ ಮೇಲೆ ಶೇಖರಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಸಾಕಿದ್ದು ಹೊನ್ನಿಯ ತುಪ್ಪದ ಮೇಲೆ. ಆ ವರ್ಷ ಹಿಂಡಿ ಕೊಳ್ಳಲು ದಾರಿ ಇಲ್ಲದೆ ಹೊನ್ನಿಯನ್ನು ಸಂತೆಗೆ ಹೊಡೆಯುವುದೆಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಹಿಂಡಿ ರೊಕ್ಕ ಬಂದರೆ ಎಮ್ಮೆ ಉಳಿಯುತ್ತದೆ. ಆದರೆ ಅದನ್ನು ಪಡೆಯಲು ಎಮ್ಮೆಯನ್ನು ಕಣ್ಣಿಗೆ ಕೊಡಬೇಕು. ಕಣ್ಣಿಗೆ ಕೊಟ್ಟರೆ ಎಮ್ಮೆ ಉಳಿಯುವುದಿಲ್ಲ. ಇದು ಆಕೆಯ ಲೆಕ್ಕ.

ಅಬ್ದುಲಸಾಬ ರಾತ್ರಿಯೆಲ್ಲ ಯೋಚಿಸಿದನಂತೆ. ಮುಂದಿನ ವಾರ ತಾನೊಬ್ಬನೇ ಎರಡು ಹರದಾರಿ ನಡೆದು ಹುಲಿಹೈದರಕ್ಕೆ ಬಂದ. ಶೇಖರಮ್ಮನ ಅಂಗಳದಲ್ಲಿ ಓಣಿಯ ಹೆಂಗಸರೆಲ್ಲ ಸೇರಿದ್ದಾಗ, ಎದುರಿಗೆ ಮುಚ್ಚಿಟ್ಟಿದ್ದ ಹಾಲಿನ ಚರಿಗೆ ಸಾಕ್ಷಿಯಾಗಿ ಆಣೆ ಇಟ್ಟ: "ನಾ ಗ್ವಾಡಿ ಕಡೆ ಮುಖ ಮಾಡಿ ಕುಂದ್ರತೀನಿ. ನೀವಽ ಹಿಂಡ್ರಿ, ನೀವಽ ಅಳೀರಿ. ನಾ ಬರೀ ಕೇಳತೀನಿ. ಈ ಊರಾಗ ಹಾಲಿನ ಧಾರಿ ಮ್ಯಾಲೆ ನನ್ನ ಕಣ್ಣು ಬೀಳಾಂಗಿಲ್ಲ."

"ನಾವು ಸುಳ್ಳು ಅಳದರ?" ಎಂದಳು ಕರಿಯವ್ವ. ಅನುಮಾನ ಇದ್ದದ್ದು ಆಕೆಗೆ ತನ್ನ ಓಣಿಯ ಮೇಲೆಯೇ.

"ಹಾಲು ಕೈಯಾಗ ಹಿಡದು ಸುಳ್ಳು ಹೇಳಾಕಿ ಯಾರರ ಇದ್ದರ ಈಗಽ ಕೈ ಎತ್ರಿ ನೋಡೋಣು," ಎಂದ ಇವನು. ಯಾರ ಕೈಯೂ ಏಳಲಿಲ್ಲ.

ಅಂದಿನಿಂದ ಹೀಗೇ ನಡೆದಿದೆ. ಅವನ ಪಾಲಿಗೆ ಹತ್ತು ಹನ್ನೆರಡು ಊರು. ಹಿಂದಿನ ದಿನ ಸಂಜೆಯೇ ಹೋಗಿ ಮಸೀದಿಯ ಕಟ್ಟೆಯ ಮೇಲೋ ಚಾವಡಿಯಲ್ಲೋ ಮಲಗಿದರೆ ನಸುಕಿಗೆ ಮೊದಲ ಮನೆ. ಹಿಂಡುವ ಹೊತ್ತು ಸಣ್ಣದು, ಕರುಗಳು ಕಾಯುವುದಿಲ್ಲ. ಒಂದು ಮುಂಜಾನೆಗೆ ಆರೇಳು ಮನೆ ಮುಗಿದರೆ ಹೆಚ್ಚು. ಪ್ರತಿ ಮನೆಯಲ್ಲೂ ಹೆಂಗಸರು ಸೇರನ್ನು ಬೂದಿ ಹಚ್ಚಿ ತಿಕ್ಕಿ, ತಮ್ಮ ಬಾವಿಯ ನೀರಿನಿಂದ ತೊಳೆದೇ ಮುಟ್ಟುವುದು, ಹಾಲು ಅಳೆದ ಮೇಲೆ ಮತ್ತೆ ತೊಳೆದೇ ಕೊಡುವುದು. ಅವನಿಗೆ ಅದರಿಂದ ಬೇಸರವಿಲ್ಲ. "ನಮ್ಮ ದವಾಖಾನ್ಯಾಗ ಇಷ್ಟು ಲಕಲಕ ಹೊಳಿಯೂದು ಇದೊಂದಽ ರಿ," ಎನ್ನುತ್ತಾನೆ.

ಬಿಸಿಲು, ಮುಳ್ಳು, ಮಳೆಗಾಲದ ಎರೆಮಣ್ಣು, ಇವೆಲ್ಲ ಅವನ ಮಾತಿನಲ್ಲಿ ಬರುವುದೇ ಇಲ್ಲ. ಕೇಳಿದರೆ ಕಾಲು ಎತ್ತಿ ಸವೆದ ಕೆರದ ಅಡಿ ತೋರಿಸುತ್ತಾನೆ. ಮನೆಯಲ್ಲಿ ಹೆಂಡತಿ ಜೋಹರಾಬಿ ಮಾತ್ರ ಬಿಡುವುದಿಲ್ಲ. "ಮನ್ಯಾಗ ಆಡು ಐತಿ, ಒಂದಿನ ನೀನಽ ಹಿಂಡು ಅಂದೆ. ಗ್ವಾಡಿ ಕಡೆ ಮುಖ ಮಾಡಿ ಕುಂತನ್ರಿ! ಅಭ್ಯಾಸ ಆಗ್ಯದಂತ. ಆಡು ಎದ್ದು ಹೋತು," ಎಂದು ಆಕೆ ಬಂದವರ ಮುಂದೆಲ್ಲ ಹೇಳುತ್ತಾಳೆ.

ನಜರು ಬೀಳುವುದನ್ನು ನೀನು ನಂಬುತ್ತೀಯಾ ಎಂದು ಕೇಳಿದರೆ ಅವನು ಹೇಳುವುದು ಇಷ್ಟು: "ಕನಕಗಿರ್ಯಾಗ ಇದ್ದಾಗ ಏನೋ ಹೇಳಲಾರೆ. ಶೇಖರಕ್ಕನ ಕೊಟಗ್ಯಾಗ ಕುಂತಾಗ ನಂಬತೀನ್ರಿ. ಯಾರ ಮನ್ಯಾಗ ಕುಂತೀವೋ ಅವರ ದೇವರು ಅಲ್ಲಿ ಇರತಾನಲ್ರಿ."

ಈ ನಂಬಿಕೆಯ ಮೇಲೆ ಒಂದು ದಿನ ಕಲ್ಲು ಬಿತ್ತು. ಹೋದ ವರ್ಷದ ಪುಷ್ಯದಲ್ಲಿ ಹಿಂಡಿ ರೊಕ್ಕದ ತಪಾಸಣೆಗೆಂದು ಮೇಲಿನ ಸಾಹೇಬರೊಬ್ಬರು ಹುಲಿಹೈದರದ ಚಾವಡಿಗೆ ಬಂದರು. ವಯಸ್ಸಾದವರು, ಶಾಂತ ಸ್ವಭಾವದವರು, ಉರ್ದುವಿನಲ್ಲಿಯೇ ಮಾತು. ಊರವರ ಕನ್ನಡವನ್ನು ಅವರಿಗೂ, ಅವರ ಉರ್ದುವನ್ನು ಊರವರಿಗೂ ಅಬ್ದುಲಸಾಬನೇ ತಿರುಗಿಸಿ ಹೇಳುತ್ತಿದ್ದ. ಮಾತಿಗೆ ಮಾತು ಬಂದು ಅವರು ಸಹಜವಾಗಿ ಕೇಳಿದರು: ಈ ಎಮ್ಮೆಗಳು ಹಾಲು ಕೊಡುವುದನ್ನು ನೀನು ಕಣ್ಣಾರೆ ಕಂಡಿದ್ದೀಯಲ್ಲ?

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಅಬ್ದುಲಸಾಬ ಹೇಳಿದ್ದು, "ಕಂಡಿಲ್ಲ ಹುಜೂರ್. ಕೇಳೀನಿ."

ಸಾಹೇಬರು ಅವನ ಮುಖವನ್ನೇ ನೋಡಿದರಂತೆ. ಇನ್ನೊಮ್ಮೆ ಯೋಚಿಸಿ ಹೇಳು, ಕಂಡಿದ್ದೇನೆ ಎನ್ನು, ನಾನು ರುಜು ಹಾಕಿ ಹೊರಡುತ್ತೇನೆ ಎಂದು ಮೆಲ್ಲಗೆ ದಾರಿಯನ್ನೂ ತೋರಿಸಿದರು. ಅವನು ತಲೆ ತಗ್ಗಿಸಿದ. ಹಾಲಿನ ಮುಂದೆ ಆಣೆ ಇಟ್ಟಿದ್ದೇನೆ, ನೋಡುವುದಿಲ್ಲ ಎಂಬುದೇ ಆ ಆಣೆ. ಈಗ ಕಂಡೆ ಎಂದರೆ ಈ ಹೆಂಗಸರ ಮುಂದೆ ಸುಳ್ಳಾಗುತ್ತದೆ, ದೇವರ ಮುಂದೆಯೂ ಸುಳ್ಳಾಗುತ್ತದೆ ಎಂದ. ಹಾಗಾದರೆ ಈ ಊರಿನ ಹಿಂಡಿ ರೊಕ್ಕ ಈ ತಿಂಗಳಿಂದ ನಿಲ್ಲಿಸಬೇಕಾಗುತ್ತದೆ, ನನ್ನ ಕೈಯಲ್ಲಿ ಬೇರೆ ಏನಿಲ್ಲ, ಇಲ್ಲವೆ ಯಾರಾದರೂ ನನ್ನ ಎದುರಿಗೆ ಹಿಂಡಿ ತೋರಿಸಲಿ ಎಂದರು ಸಾಹೇಬರು.

ಅಬ್ದುಲಸಾಬ ಅದನ್ನು ಕನ್ನಡದಲ್ಲಿ ತಿರುಗಿಸಿ ಹೇಳಿದ. ಚಾವಡಿಯ ಕೆಳಗೆ ನಿಂತಿದ್ದ ಶೇಖರಮ್ಮನಿಗೆ ಸಿಟ್ಟು ಬಂತು.

"ಏ ಸಾಬಣ್ಣ, ನಿಮ್ಮ ಸಾಹೇಬಗ ಕೇಳು. ಅವನ ಹೇಣ್ತಿ ಕೂಸಿಗೆ ಮೊಲಿ ಉಣಸೂವಾಗ ಚಾವಡಿ ಮ್ಯಾಲ ಕುಂದ್ರಸಿ ಊರಿಗೆ ತೋರಸ್ತಾನೇನು? ಕೇಳು!"

ಅಬ್ದುಲಸಾಬ ಹಾಲು ಹಿಂಡುವುದು ಮನೆಯೊಳಗಿನ ಮಾತು ಎಂದು ಈ ತಾಯಿ ಬಿನ್ನಹ ಮಾಡುತ್ತಿದ್ದಾಳೆ ಎಂದು ಉರ್ದುವಿನಲ್ಲಿ ಒಪ್ಪವಾಗಿ ಹೇಳಿದ. ಸಾಹೇಬರು ಗಡ್ಡ ನೇವರಿಸಿಕೊಂಡರು.

ಸಂಜೆಯ ಹಿಂಡುವ ಹೊತ್ತಾಯಿತು. ಚಾವಡಿಗೆ ಆಕಳೂ ಬರಲಿಲ್ಲ, ಎಮ್ಮೆಯೂ ಬರಲಿಲ್ಲ. ಸಾಹೇಬರ ಗಾಡಿಗೆ ಎತ್ತು ಹೂಡುವ ಹೊತ್ತಿಗೆ ಓಣಿಯ ತಿರುವಿನಲ್ಲಿ ಹೊನ್ನಿಯ ಕೊರಳ ಗಂಟೆ ಕೇಳಿಸಿತು. ಹಗ್ಗ ಹಿಡಿದು ಮುಂದೆ ಶೇಖರಮ್ಮ, ಕರು ಹಿಡಿದು ಹಿಂದೆ ಅವಳ ಹಿರಿಯ ಮಗಳು. ಆಕೆ ಯಾರ ಮುಖವನ್ನೂ ನೋಡಲಿಲ್ಲ. ಚಾವಡಿಯ ಮುಂದೆ, ಊರೆಲ್ಲ ನೋಡುತ್ತಿರುವಾಗ, ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಳಿತಳು.

"ಶೇಖರಾ, ಬ್ಯಾಡವಾ! ಹೊಸಾ ಜಾಗ, ಎಮ್ಮಿ ಬೆದರೀತು," ಎಂದು ಕರಿಯವ್ವ ಕೂಗಿದಳು.

"ಸಾಬಣ್ಣ ನಮಗ ಇಟ್ಟ ಆಣಿ ಸಲುವಾಗಿ ಸುಳ್ಳು ಹೇಳಲಿಲ್ಲ. ನಾ ಅವನ ಸಲುವಾಗಿ ಇಷ್ಟು ಮಾಡಬಾರದ?" ಎಂದಳು ಶೇಖರಮ್ಮ. ಕರು ಬಿಟ್ಟಳು, ಎಳೆದು ಕಟ್ಟಿದಳು, ಕೆಚ್ಚಲಿಗೆ ನೀರು ಚಿಮುಕಿಸಿದಳು. ಹೊನ್ನಿ ಒಮ್ಮೆ ಕಾಲು ಝಾಡಿಸಿತು. ಆಮೇಲೆ ಏನು ತಿಳಿಯಿತೋ, ನಿಂತಿತು. ಮೊದಲ ಧಾರೆ ಚರಿಗೆಯ ತಳಕ್ಕೆ ಬಿದ್ದು ಸದ್ದು ಮಾಡಿತು.

ಆ ಊರಿನಲ್ಲಿ ಹತ್ತು ಜನರ ಎದುರು ಬಿದ್ದ ಮೊದಲ ಧಾರೆ ಅದೇ ಇರಬೇಕು.

ಇಲ್ಲಿಂದ ಮುಂದಿನದನ್ನು ಊರಲ್ಲಿ ಯಾರನ್ನು ಕೇಳಿದರೂ ಒಂದೇ ರೀತಿ ಹೇಳುತ್ತಾರೆ. ಆ ಒಂದು ಧಾರೆಯ ಸದ್ದು ಆದದ್ದೇ ತಡ, ಸಾಹೇಬರು ಎದ್ದರು. ತಾವು ಕುಳಿತಿದ್ದ ಖುರ್ಚಿಯನ್ನು ತಾವೇ ಎತ್ತಿ ತಿರುಗಿಸಿ ಚಾವಡಿಯ ಗೋಡೆಯ ಕಡೆ ಮುಖ ಮಾಡಿ ಕುಳಿತರು. ಅಲ್ಲಿ ಆಗಲೇ, ರುಮಾಲಿನ ಸೆರಗು ಕಣ್ಣಿಗೆ ಎಳೆದುಕೊಂಡು, ಅಬ್ದುಲಸಾಬ ಕುಕ್ಕುರುಗಾಲಿನಲ್ಲಿ ಕುಳಿತಿದ್ದ. ಉಳಿದ ಹಾಲನ್ನು ಇಬ್ಬರೂ ಕೇಳಿದರು. ಬಳೆ ಟಣ್ ಎಂದಿತು, ಲಾಭ. ಇನ್ನೊಮ್ಮೆ ಟಣ್, ಎರಡು. ಬರಕತ್ತು ಎಂದದ್ದು ಈ ಸಲ ಎರಡು ದನಿ.

ಗಾಡಿ ಏರುವಾಗ ಸಾಹೇಬರು ಶೇಖರಮ್ಮನ ಕಡೆ ನೋಡದೆಯೇ, ತೊದಲುವ ಆದರೆ ಸ್ಪಷ್ಟವಾದ ಕನ್ನಡದಲ್ಲಿ ಹೇಳಿದರಂತೆ: "ಖರೆ ಅದ ತಾಯಿ. ಕೂಸಿಗಿ ಉಣಸೂದು ನೋಡಬಾರದು." ಅವರು ಬೀದರ ಕಡೆಯವರು, ಮುಂಜಾನೆಯಿಂದ ಆಡಿದ್ದೆಲ್ಲ ಅವರಿಗೆ ತಿಳಿದಿತ್ತು! ಶೇಖರಮ್ಮ ಎಮ್ಮೆಯ ಮರೆಗೆ ಹೋಗಿ ನಾಲಿಗೆ ಕಚ್ಚಿಕೊಂಡಳು. ಅಬ್ದುಲಸಾಬನಂತೂ ತನ್ನ ಒಪ್ಪವಾದ ಉರ್ದುವನ್ನು ನೆನೆದು ಎರಡು ದಿನ ನಾಚಿಕೊಂಡನಂತೆ. ಒಂದು ಧಾರೆಯಾದರೂ ಅಧಿಕಾರಿಯ ಕಣ್ಣಿಗೆ ಬಿದ್ದಿತ್ತಲ್ಲ, ರುಜು ಬಿತ್ತು. ಹಿಂಡಿ ರೊಕ್ಕ ಇಲ್ಲಿಯವರೆಗೆ ನಿಂತಿಲ್ಲ.

ಹೊನ್ನಿ ಮಾತ್ರ ಮರುದಿನ ಅರ್ಧಕ್ಕರ್ಧ ಹಾಲು ಕೊಡದೆ ಹಿಡಿದಿಟ್ಟುಕೊಂಡಿತು. ಕರಿಯವ್ವ, "ನಾ ಹೇಳಿದ್ದಿಲ್ಲ?" ಎಂದು ಉಪ್ಪು, ಮೆಣಸಿನಕಾಯಿ, ಹಳೇ ಕಸಬರಿಗೆ ತಂದು ನಿವಾಳಿಸಿದಳು. ಶೇಖರಮ್ಮ ಹುಲಿಗೆಮ್ಮನಿಗೆ ಕಾಯಿ ಕಟ್ಟಿದಳು. ಅಬ್ದುಲಸಾಬ ದರ್ಗಾದಿಂದ ಕರಿದಾರ ತಂದು ಕೊಟ್ಟ, ಅದು ಈಗಲೂ ಎಮ್ಮೆಯ ಕೊರಳಲ್ಲಿ ಗಂಟೆಯ ಪಕ್ಕ ಇದೆ. ನಾಲ್ಕಾರು ದಿನಕ್ಕೆ ಹಾಲು ಮತ್ತೆ ಮೊದಲಿನಂತಾಯಿತು. ಯಾರ ಹರಕೆ ಫಲಿಸಿತು ಎಂದು ಕೇಳಿದರೆ ಮೂವರೂ ನಗುತ್ತಾರೆ. ಕೊಡುವವನು ಮೇಲೊಬ್ಬ ಇದ್ದಾನೆ, ಅವನಿಗೆ ಯಾವ ಬಾಗಿಲಿನಿಂದ ಕರೆ ಬಂತೆಂಬುದು ಮುಖ್ಯವಲ್ಲವೇನೋ.

ಕೊಟ್ಟಿಗೆಯ ಹೊರಗೆ ಈಗ ಬೆಳಕಾಗಿದೆ. ಅಬ್ದುಲಸಾಬ ಕಟ್ಟೆಯ ಮೇಲೆ ಕುಳಿತು ಶೇಖರಮ್ಮ ಕೊಟ್ಟ ಮಜ್ಜಿಗೆ ಕುಡಿಯುತ್ತಿದ್ದಾನೆ. ಇಷ್ಟು ವರ್ಷದಲ್ಲಿ, ಇಷ್ಟು ಮನೆಗಳಲ್ಲಿ, ಒಮ್ಮೆಯಾದರೂ ಹಾಲು ಹಿಂಡುವುದನ್ನು ನೋಡಬೇಕು ಅನ್ನಿಸಲಿಲ್ಲವೇ?

ಅವನು ಮಜ್ಜಿಗೆಯ ಬಟ್ಟಲು ಕೆಳಗಿಡುತ್ತಾನೆ. "ಸುಳ್ಳು ಯಾಕ ಹೇಳಲಿ. ಐತ್ರಿ ಆಸೆ. ನೌಕರಿ ಬಿಡೋ ದಿವಸ ಇಲ್ಲಿಗೆ ಬಂದು, ಹೊನ್ನಿ ಇನ್ನೂ ಇದ್ದರ, ಒಂದಽ ಸರ್ತಿ ಈ ಕಡೆ ಮುಖ ಮಾಡಿ ಕುಂದ್ರಬೇಕಂತ ಐತಿ. ಸದ್ದು ಕೇಳಿ ಕೇಳಿ, ಆ ಧಾರಿ ಹೆಂಗ ಇರತೈತೋ ಅಂತ."

ಒಳಗೆ ಸೇರಿಗೆ ಬೂದಿ ಹಚ್ಚಿ ತಿಕ್ಕುತ್ತಿದ್ದ ಶೇಖರಮ್ಮನಿಗೆ ಇದು ಕೇಳಿಸಿತು. "ಊರ ಮಂದಿ ನೋಡಿ ಆತು, ಬೀದರ ಸಾಹೇಬ ನೋಡಿ ಆತು. ಇವಗ ಇವತ್ತಽ ತಿರುಗೋ ಮಾರಾಯಾ ಅಂತ ಎಷ್ಟು ಸರ್ತಿ ಹೇಳೀನಿ ಕೇಳ್ರಿ. ಕಲ್ಲಿನಂಗ ಕುಂದ್ರತಾನ."

"ನಿನ್ನ ಮನ್ಯಾಗ ತಿರುಗಿದರ, ಮುಂದ ಕರಿಯವ್ವನ ಮನ್ಯಾಗ ಗ್ವಾಡಿ ಕಡೆ ಕುಂತದ್ದು ಯಾರು ನಂಬ್ಯಾರು?" ಎನ್ನುತ್ತಾನೆ ಅವನು. ಹೊಳೆಯುವ ಸೇರನ್ನು ಇಸಿದುಕೊಂಡು ಬಟ್ಟೆಯಲ್ಲಿ ಸುತ್ತುತ್ತಾನೆ. ಪಕ್ಕದ ಕೊಟ್ಟಿಗೆಯಿಂದ ಕರಿಯವ್ವನ ಆಕಳ ಕರು ಕೂಗುತ್ತಿದೆ. ಅವನು ರುಮಾಲಿನ ಸೆರಗನ್ನು ಮುಂಚಿತವಾಗಿಯೇ ಸಡಿಲಿಸಿಕೊಳ್ಳುತ್ತ ಅತ್ತ ಹೆಜ್ಜೆ ಹಾಕುತ್ತಾನೆ.

"ನೌಕರಿ ಇನ್ನೂ ಐತಿ, ಯಕ್ಕಾ."